ಬಾವಿ ಎಣಿಸಿದರು, ನೀರು ಪರೀಕ್ಷಿಸಲಿಲ್ಲ: ಬಾಂಗ್ಲಾದೇಶದ ಕೊಳವೆಬಾವಿ ನೆರವಿನ ಪ್ರಕರಣ ಅಧ್ಯಯನ

ಬಾಂಗ್ಲಾದೇಶದ ಹಳ್ಳಿಗಳಲ್ಲಿ 1970ರ ದಶಕದವರೆಗೂ ಬಹಳಷ್ಟು ಮನೆಗಳಿಗೆ ಕುಡಿಯುವ ನೀರು ಬರುತ್ತಿದ್ದುದು ಹೊಂಡ, ಹೊಳೆ ಮತ್ತು ತೆರೆದ ಬಾವಿಗಳಿಂದ. ಪಾತ್ರೆ ತೊಳೆಯುವುದು, ದನ ಮೀಯಿಸುವುದು ಅದೇ ಹೊಂಡದಲ್ಲಿ. ಮಳೆಗಾಲದಲ್ಲಿ ಕಕ್ಕಸಿನ ನೀರೂ ಅದಕ್ಕೇ ಹರಿದು ಸೇರುತ್ತಿತ್ತು. ಕಾಲರಾ, ವಾಂತಿಭೇದಿಗೆ ಮಕ್ಕಳು ಸಾಯುವುದು ವರ್ಷವರ್ಷವೂ ಇದ್ದದ್ದೇ. ಇದಕ್ಕೆ ಪರಿಹಾರವಾಗಿ ಯುನಿಸೆಫ್ ಮತ್ತು ಅಲ್ಲಿನ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಇಲಾಖೆ ಸೇರಿ ಕೈಪಂಪಿನ ಕೊಳವೆಬಾವಿಗಳನ್ನು ಹಳ್ಳಿಹಳ್ಳಿಗೆ ಒಯ್ದವು. 1990ರ ದಶಕದ ಹೊತ್ತಿಗೆ ಗ್ರಾಮೀಣ ಜನರಲ್ಲಿ ಶೇ. 97ರಷ್ಟು ಮಂದಿಗೆ ಸುರಕ್ಷಿತ ನೀರು ಸಿಗುತ್ತಿದೆ ಎಂದು ಸರ್ಕಾರಿ ವರದಿಗಳು ಹೇಳತೊಡಗಿದ್ದವು. ನೆರವು ಕೊಟ್ಟವರ ಕಾಗದಪತ್ರಗಳಲ್ಲಿ ಇದಕ್ಕಿಂತ ದೊಡ್ಡ ಗೆಲುವು ಕಾಣುವುದು ಅಪರೂಪ.

ಅದೇ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷಧಾತು ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2000ದಲ್ಲಿ ಬಂದ ಲೇಖನವೊಂದು ಇದನ್ನು ಚರಿತ್ರೆಯಲ್ಲೇ ಅತಿ ದೊಡ್ಡ ಸಾಮೂಹಿಕ ವಿಷಪ್ರಾಶನ ಎಂದು ಕರೆಯಿತು. ನೆರವಿನ ಫಲವನ್ನು ಅಳೆಯುವ ಕ್ರಮ ಎಲ್ಲಿ ದಾರಿ ತಪ್ಪುತ್ತದೆ ಎಂದು ತಿಳಿಯಲು ಇಷ್ಟು ಸ್ಪಷ್ಟವಾಗಿ ದಾಖಲಾದ ಪ್ರಕರಣ ಬೇರೆ ಸಿಗುವುದು ಕಷ್ಟ. ದುಡ್ಡು ಕದ್ದು ಹಾಳಾದ ಯೋಜನೆಯಲ್ಲ ಇದು. ಒಳ್ಳೆಯ ತಂತ್ರಜ್ಞಾನ, ಕಡಿಮೆ ಖರ್ಚು, ಜನರ ಪೂರ್ಣ ಒಪ್ಪಿಗೆ ಎಲ್ಲವೂ ಇದ್ದವು. ಇಲ್ಲದೆ ಹೋದದ್ದು ಒಂದೇ: ಬಾವಿ ತೋಡಿದ ಮೇಲೆ ಅದರ ನೀರನ್ನು ನೋಡುತ್ತಲೇ ಇರಬೇಕಾದ ಒಂದು ಕೈ.

ತಂತ್ರ ಯಾಕೆ ಅಷ್ಟು ಬೇಗ ಹಬ್ಬಿತು

ಅಲ್ಲಿ ಬಳಕೆಗೆ ಬಂದದ್ದು ‘ನಂಬರ್ 6’ ಎಂಬ ಎರಕದ ಕಬ್ಬಿಣದ ಕೈಪಂಪು. ಅದಕ್ಕೆ ಸುಮಾರು ಒಂದೂವರೆ ಇಂಚಿನ ಪಿವಿಸಿ ಪೈಪು, ತಳದಲ್ಲಿ ಸೀಳುಗಳಿರುವ ಜಾಲರಿ ಪೈಪು. ಇದು ಹೀರುವ ಪಂಪು. ನೀರಿನ ಮಟ್ಟ ಸುಮಾರು 7 ಮೀಟರಿಗಿಂತ ಕೆಳಗಿಳಿದರೆ ಎತ್ತುವುದಿಲ್ಲ. ಗಂಗಾ, ಬ್ರಹ್ಮಪುತ್ರ, ಮೇಘನಾ ನದಿಗಳ ಮುಖಜಭೂಮಿಯಲ್ಲಿ ನೀರು ಮೇಲೆಯೇ ಇರುವುದರಿಂದ ಬಹುಪಾಲು ಕಡೆ ಅದೊಂದು ತೊಡಕೇ ಆಗಲಿಲ್ಲ.

ಕೊರೆಯುವ ಕ್ರಮ ಇನ್ನೂ ಸರಳ. ಬಿದಿರಿನ ಚೌಕಟ್ಟು ಕಟ್ಟಿ ಅದರ ಮೇಲೆ ಒಬ್ಬ ಕೂರುತ್ತಾನೆ. ಕೆಳಗಿನವರು ಬಿದಿರಿನ ಸನ್ನೆಯಿಂದ ಕಬ್ಬಿಣದ ಪೈಪನ್ನು ಎತ್ತಿ ಇಳಿಸುತ್ತಾರೆ. ಪೈಪು ಮೇಲೆ ಬರುವಾಗ ಮೇಲಿದ್ದವನು ಅಂಗೈಯಿಂದ ಅದರ ಬಾಯಿ ಮುಚ್ಚುತ್ತಾನೆ, ಇಳಿಯುವಾಗ ಕೈ ತೆಗೆಯುತ್ತಾನೆ. ಅಂಗೈಯೇ ಕವಾಟ. ಪ್ರತಿ ಸಲ ಕೈ ತೆಗೆದಾಗಲೂ ಪೈಪಿನ ಬಾಯಿಂದ ಕೆಸರುನೀರಿನೊಡನೆ ತಳದ ಮರಳು ಚಿಮ್ಮುತ್ತದೆ. ಕೊರೆದ ತೂತಿನ ಗೋಡೆ ಕುಸಿಯದಿರಲಿ ಎಂದು ಗುಂಡಿಯ ನೀರಿಗೆ ಸಗಣಿ ಕದಡಿರುತ್ತಾರೆ. ಮೂರು-ನಾಲ್ಕು ಮಂದಿಯ ತಂಡ, ಯಂತ್ರವಿಲ್ಲ, ಡೀಸೆಲ್ ಇಲ್ಲ. ಹದಿನೈದರಿಂದ ಅರವತ್ತು ಮೀಟರ್ ಆಳದ ಬಾವಿ ಒಂದೆರಡು ದಿನದ ಕೆಲಸ.

ಇದರಿಂದಾಗಿ ಯೋಜನೆ ನೆರವಿನ ಹಿಡಿತ ಮೀರಿ ಬೆಳೆಯಿತು. ಮೊದಮೊದಲ ಬಾವಿಗಳನ್ನು ಯುನಿಸೆಫ್ ಕೊಟ್ಟಿತು. ಅದನ್ನು ನೋಡಿದ ಜನ ಸ್ವಂತ ದುಡ್ಡಿನಲ್ಲೇ ಅಂಗಳದಲ್ಲಿ ತೋಡಿಸಿಕೊಂಡರು. ಪಂಪು ಎರಕ ಹೊಯ್ಯುವ ಕಾರ್ಖಾನೆ, ಪೈಪು ಮಾರುವ ಅಂಗಡಿ, ಕೊರೆಯುವ ಮೇಸ್ತ್ರಿ ಎಲ್ಲ ಊರೂರಲ್ಲಿ ಹುಟ್ಟಿಕೊಂಡರು. ದೇಶದ ಕೊಳವೆಬಾವಿಗಳ ಒಟ್ಟು ಲೆಕ್ಕ ಸುಮಾರು ಒಂದು ಕೋಟಿ ಎನ್ನುವ ಅಂದಾಜು ಬಂದಾಗ ಅದರಲ್ಲಿ ಬಹುಪಾಲು ಖಾಸಗಿ ಬಾವಿಗಳೇ. ಜನ ತಾವೇ ದುಡ್ಡು ಹಾಕಿ ಮುಂದುವರಿಸುವ ಕೆಲಸವನ್ನು ಶುರುಮಾಡಿಕೊಡುವುದು ಯಾವ ನೆರವಿಗೂ ದೊಡ್ಡ ಸಾಧನೆ, ಇದನ್ನು ತಳ್ಳಿಹಾಕಬಾರದು. ಆದರೆ ಒಂದು ಕೋಟಿ ಅಂಗಳದ ಬಾವಿಗಳು ಎಂದರೆ ಪಟ್ಟಿ ಇಲ್ಲದ ಒಂದು ಕೋಟಿ ಬಾವಿಗಳು. ಯಾವುದು ಎಷ್ಟು ಆಳ, ಯಾವಾಗ ತೋಡಿದ್ದು, ನೀರು ಹೇಗಿದೆ ಎಂಬ ಲೆಕ್ಕ ಯಾವ ಕಚೇರಿಯಲ್ಲೂ ಇರಲಿಲ್ಲ.

ನೀರಿಗೆ ವಿಷ ಎಲ್ಲಿಂದ ಬಂತು

ಕಾರ್ಖಾನೆಯಿಂದಲ್ಲ, ಕೀಟನಾಶಕದಿಂದಲೂ ಅಲ್ಲ. ಹಿಮಾಲಯದಿಂದ ನದಿಗಳು ಹೊತ್ತು ತಂದ ಮರಳಿನ ಕಣಗಳ ಮೇಲೆ ಕಬ್ಬಿಣದ ಆಕ್ಸೈಡಿನ ತೆಳು ಲೇಪವಿದ್ದು, ಆರ್ಸೆನಿಕ್ ಅದಕ್ಕೆ ಅಂಟಿಕೊಂಡಿರುತ್ತದೆ. ಸುಮಾರು ಹತ್ತು ಸಾವಿರ ವರ್ಷಗಳಿಂದೀಚೆಗೆ ಬಿದ್ದ ಎಳೆಯ ಪದರಗಳಲ್ಲಿ ಸಸ್ಯಾವಶೇಷ ಸಾಕಷ್ಟಿದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಆಮ್ಲಜನಕ ಸಿಗದ ಕಡೆ ಕಬ್ಬಿಣದ ಲೇಪವನ್ನೇ ಕರಗಿಸುತ್ತವೆ. ಜೊತೆಗೆ ಆರ್ಸೆನಿಕ್ಕೂ ನೀರಿಗಿಳಿಯುತ್ತದೆ. ಅದಕ್ಕಿಂತ ಹಳೆಯ, ಕಿತ್ತಳೆ-ಕಂದು ಬಣ್ಣದ ಮರಳಿನ ಪದರಗಳಲ್ಲಿ ಕಬ್ಬಿಣದ ಲೇಪ ಇನ್ನೂ ಗಟ್ಟಿಯಾಗಿರುವುದರಿಂದ ನೀರು ಬಹುತೇಕ ಚೆನ್ನಾಗಿರುತ್ತದೆ.

ಅಂದರೆ ಕೈಪಂಪಿಗೆ ಅತ್ಯಂತ ಸುಲಭವಾಗಿ ಎಟಕುವ ಬೂದು ಮರಳಿನ ಪದರವೇ ಅತ್ಯಂತ ಅಪಾಯದ ಪದರ. ಪದರಗಳು ಸಮನಾಗಿ ಹಾಸಿಕೊಂಡಿಲ್ಲ. ಹಳೆಯ ನದಿಪಾತ್ರ ಇದ್ದಲ್ಲಿ ಒಂದು ತರ, ದಂಡೆ ಇದ್ದಲ್ಲಿ ಇನ್ನೊಂದು ತರ. ಹಾಗಾಗಿ ಅಕ್ಕಪಕ್ಕದ ಎರಡು ಮನೆಗಳ ಬಾವಿಗಳಲ್ಲಿ ಒಂದು ಕುಡಿಯಲು ಯೋಗ್ಯ, ಇನ್ನೊಂದು ಮಿತಿಯ ಹತ್ತು ಪಟ್ಟು ವಿಷ ಆಗಿರಬಹುದು. ಊರಿಗೊಂದು ಮಾದರಿ ತೆಗೆದು ಊರಿಗೆಲ್ಲ ತೀರ್ಪು ಕೊಡಲು ಬರುವುದಿಲ್ಲ. ಬಾವಿ ಬಾವಿಯನ್ನೂ ಪರೀಕ್ಷಿಸಲೇಬೇಕು.

ಆರ್ಸೆನಿಕ್‌ಗೆ ನೀರಿನಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಾಢವಾಗುತ್ತದೆ. ಐದು-ಹತ್ತು ವರ್ಷ ಕುಡಿದ ಮೇಲೆ ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದಂತೆ ಕಪ್ಪು-ಬಿಳಿ ಚುಕ್ಕೆ, ಅಂಗೈ-ಅಂಗಾಲುಗಳಲ್ಲಿ ಒರಟು ಗಂಟು, ಆಮೇಲೆ ಚರ್ಮ, ಮೂತ್ರಕೋಶ ಮತ್ತು ಶ್ವಾಸಕೋಶದ ಕ್ಯಾನ್ಸರ್. ಚುಕ್ಕೆ ಕಂಡ ಹೆಣ್ಣುಮಕ್ಕಳ ಮದುವೆ ನಿಂತುಹೋದದ್ದು, ಅಂಟುರೋಗವೆಂದು ಹೆದರಿ ಗಂಡಂದಿರು ತವರಿಗೆ ಕಳಿಸಿದ್ದು ಆ ಹಳ್ಳಿಗಳ ಎಷ್ಟೋ ವರದಿಗಳಲ್ಲಿವೆ.

ಗೊತ್ತಾಗುವುದಕ್ಕೆ ಹಿಡಿದ ಕಾಲ

1970ರ ದಶಕದಲ್ಲಿ ಇದನ್ನು ಊಹಿಸಬಹುದಿತ್ತೇ? ನದಿ ಬಯಲಿನ ಮರಳಿನಲ್ಲಿ ಇಷ್ಟು ಆರ್ಸೆನಿಕ್ ಇರುತ್ತದೆಂದು ಆಗ ಯಾರಿಗೂ ಅಂದಾಜಿರಲಿಲ್ಲ ಎಂಬ ಸಮರ್ಥನೆಯಲ್ಲಿ ಹುರುಳಿದೆ. ಆದರೆ ತೈವಾನಿನ ನೈರುತ್ಯ ಕರಾವಳಿಯಲ್ಲಿ ಕೊಳವೆಬಾವಿಯ ಆರ್ಸೆನಿಕ್‌ನಿಂದ ಕಾಲು ಕಪ್ಪಾಗಿ ಕೊಳೆಯುವ ರೋಗ ಬಂದದ್ದು 1960ರ ದಶಕದಲ್ಲೇ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾಗಿತ್ತು. ಕುಡಿಯುವ ನೀರಿನ ಮಾನದಂಡಗಳ ಪಟ್ಟಿಯಲ್ಲಿ ಆರ್ಸೆನಿಕ್ ಇದ್ದೇ ಇತ್ತು. ಬಾಂಗ್ಲಾದೇಶದಲ್ಲಿ ರೋಗಾಣು, ಕಬ್ಬಿಣ, ಉಪ್ಪು ನೋಡಿದರು, ಇದನ್ನು ನೋಡಲಿಲ್ಲ. ಮೊದಲ ಹತ್ತು ವರ್ಷವನ್ನು ಅಜ್ಞಾನ ಎಂದು ಮನ್ನಿಸಬಹುದು. 1983ರ ನಂತರದ್ದನ್ನು ಹಾಗೆ ಮನ್ನಿಸಲು ಆಗುವುದಿಲ್ಲ.

ಆ ವರ್ಷ ಕೊಲ್ಕತ್ತಾದ ಉಷ್ಣವಲಯ ವೈದ್ಯಕೀಯ ಶಾಲೆಯ ಚರ್ಮವೈದ್ಯ ಡಾ. ಕೆ. ಸಿ. ಸಾಹಾ ಪಶ್ಚಿಮ ಬಂಗಾಳದ ಹಳ್ಳಿಗರಲ್ಲಿ ಆರ್ಸೆನಿಕ್ ರೋಗವನ್ನು ಗುರುತಿಸಿದರು. ಕೆಲವೇ ವರ್ಷಗಳಲ್ಲಿ ಗಡಿಯಾಚೆಯಿಂದ ಬಂದ ರೋಗಿಗಳೂ ಅವರಿಗೆ ಸಿಕ್ಕರು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಸಾವಿರಾರು ಮಾದರಿ ಪರೀಕ್ಷಿಸಿ ಎಚ್ಚರಿಸುತ್ತಲೇ ಇದ್ದರು. ಗಡಿಯ ಎರಡೂ ಕಡೆ ಒಂದೇ ಮರಳು, ಒಂದೇ ನೀರು. ಆದರೂ ಬಾಂಗ್ಲಾದೇಶದ ಇಲಾಖೆ ಚಪಾಯಿ ನವಾಬ್‌ಗಂಜ್‌ನಲ್ಲಿ ಆರ್ಸೆನಿಕ್ ಇರುವುದನ್ನು ಖಚಿತಪಡಿಸಿದ್ದು 1993ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಬ್ರಿಟಿಷ್ ಭೂಗರ್ಭ ಸಮೀಕ್ಷಾ ಸಂಸ್ಥೆ, ಬ್ರಿಟನ್ನಿನ ನೆರವಿನ ಹಣದಲ್ಲಿ, ದೇಶದ ಕೆಲ ಭಾಗಗಳ ಅಂತರ್ಜಲವನ್ನು ವಿಶ್ಲೇಷಿಸಿ ವರದಿ ಕೊಟ್ಟಿತ್ತು. ಹಲವು ಧಾತುಗಳನ್ನು ಅಳೆದಿದ್ದರೂ ಆರ್ಸೆನಿಕ್ ಆ ಪಟ್ಟಿಯಲ್ಲಿರಲಿಲ್ಲ. ರೋಗಕ್ಕೆ ತುತ್ತಾದ ಹಳ್ಳಿಗರು ಈ ಕಾರಣಕ್ಕೆ ಬ್ರಿಟನ್ನಿನಲ್ಲಿ ಹೂಡಿದ ದಾವೆಯನ್ನು, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 2006ರಲ್ಲಿ ವಜಾ ಮಾಡಿತು. ವರದಿ ಬರೆದವರಿಗೆ ನೀರು ಕುಡಿಯುವವರ ಬಗ್ಗೆ ಕಾನೂನಿನ ಹೊಣೆ ಇಲ್ಲ ಎಂಬುದು ತೀರ್ಪಿನ ತಿರುಳು. ನೆರವಿನ ಹಣದಿಂದ ನಡೆಯುವ ತಾಂತ್ರಿಕ ಅಧ್ಯಯನ ಯಾರಿಗೆ ಉತ್ತರಿಸಬೇಕು ಎಂಬ ಪ್ರಶ್ನೆ ಇಂದಿಗೂ ಅಲ್ಲೇ ನಿಂತಿದೆ.

ಪೂರ್ಣ ಚಿತ್ರ ಸಿಕ್ಕಿದ್ದು ಅದೇ ಬ್ರಿಟಿಷ್ ಸಂಸ್ಥೆ ಮತ್ತು ಬಾಂಗ್ಲಾದೇಶದ ಇಲಾಖೆ ಸೇರಿ 1998-99ರಲ್ಲಿ 3,534 ಬಾವಿಗಳ ಸಮೀಕ್ಷೆ ಮಾಡಿದಾಗ. 150 ಮೀಟರಿಗಿಂತ ಕಡಿಮೆ ಆಳದ ಬಾವಿಗಳಲ್ಲಿ ಶೇ. 27ರಲ್ಲಿ ಆರ್ಸೆನಿಕ್ ಲೀಟರಿಗೆ 50 ಮೈಕ್ರೊಗ್ರಾಂ ಎಂಬ ರಾಷ್ಟ್ರೀಯ ಮಿತಿಯನ್ನು ಮೀರಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 10 ಮೈಕ್ರೊಗ್ರಾಂ ಮಿತಿ ಹಿಡಿದರೆ ಶೇ. 46. ಅದಕ್ಕಿಂತ ಆಳದ ಬಾವಿಗಳಲ್ಲಿ 50 ಮೀರಿದವು ಶೇ. 1ರಷ್ಟು ಮಾತ್ರ. ಸುಮಾರು ಮೂರೂವರೆ ಕೋಟಿ ಜನ 50ಕ್ಕಿಂತ ಹೆಚ್ಚಿನ ನೀರು ಕುಡಿಯುತ್ತಿದ್ದರು. ಢಾಕಾ ಹತ್ತಿರದ ಅರೈಹಜಾರ್‌ನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು: ಅಲ್ಲಿನ ಒಟ್ಟು ಸಾವುಗಳಲ್ಲಿ ಸುಮಾರು ಐದನೇ ಒಂದು ಭಾಗಕ್ಕೆ 10ಕ್ಕಿಂತ ಹೆಚ್ಚು ಆರ್ಸೆನಿಕ್ ಇದ್ದ ನೀರೇ ಕಾರಣವೆಂದು ಅದು ಲೆಕ್ಕ ಹಾಕಿತು.

ಎರಡನೇ ಸುತ್ತಿನ ನೆರವು: ಕೆಂಪು, ಹಸಿರು

1998ರಲ್ಲಿ ವಿಶ್ವ ಬ್ಯಾಂಕ್ 3.24 ಕೋಟಿ ಡಾಲರ್ ಸಾಲ ಕೊಟ್ಟು, ಸ್ವಿಸ್ ನೆರವೂ ಸೇರಿ, ಆರ್ಸೆನಿಕ್ ತಡೆ ಯೋಜನೆ ಶುರುವಾಯಿತು. ಮೊದಲ ವರ್ಷಗಳಲ್ಲಿ ಕೆಲಸ ತೆವಳಿತು. ಯಾವ ಪರ್ಯಾಯ ಕೊಡಬೇಕು, ನೀರು ಪರೀಕ್ಷಿಸಲು ಯಾವ ಕಿಟ್ ಬಳಸಬೇಕು, ಯಾವ ಸಂಸ್ಥೆಗೆ ಯಾವ ಉಪಜಿಲ್ಲೆ ಎಂಬ ಚರ್ಚೆಯಲ್ಲೇ ಕಾಲ ಹೋಯಿತು. ಕೊನೆಗೆ 2000ದಿಂದ 2003ರೊಳಗೆ 271 ಉಪಜಿಲ್ಲೆಗಳಲ್ಲಿ ಸುಮಾರು 50 ಲಕ್ಷ ಬಾವಿಗಳನ್ನು ಪರೀಕ್ಷಿಸಿ, 50 ಮೀರಿದವುಗಳ ಮೂತಿಗೆ ಕೆಂಪು, ಉಳಿದವುಗಳಿಗೆ ಹಸಿರು ಬಣ್ಣ ಬಳಿದರು. ಕೆಂಪಾದವು ಸುಮಾರು 14 ಲಕ್ಷ. ಇಡೀ ಪ್ರಕರಣದಲ್ಲಿ ಖರ್ಚಿಗೆ ಹೋಲಿಸಿದರೆ ಅತಿ ಹೆಚ್ಚು ಜೀವ ಉಳಿಸಿದ ಕೆಲಸ ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪರೀಕ್ಷೆ ನಡೆಯುವುದು ಹೀಗೆ. ಗುರುತು ಹಾಕಿದ ಪುಟ್ಟ ಬಾಟಲಿಗೆ ಬಾವಿಯ ನೀರು ಹಾಕಿ, ಆಮ್ಲ ಮತ್ತು ಸತುವಿನ ಪುಡಿ ಸೇರಿಸಿ ಮುಚ್ಚಳ ಬಿಗಿಯುತ್ತಾರೆ. ನೀರಿನಲ್ಲಿರುವ ಆರ್ಸೆನಿಕ್ ಆರ್ಸೀನ್ ಅನಿಲವಾಗಿ ಮೇಲೇಳುತ್ತದೆ. ಮುಚ್ಚಳದಲ್ಲಿ ಸಿಕ್ಕಿಸಿದ ಮರ್ಕ್ಯುರಿಕ್ ಬ್ರೋಮೈಡ್ ಕಾಗದ ಹತ್ತು-ಇಪ್ಪತ್ತು ನಿಮಿಷದಲ್ಲಿ ಬಿಳಿಯಿಂದ ಹಳದಿ, ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಣ್ಣದ ಪಟ್ಟಿಯ ಪಕ್ಕ ಹಿಡಿದು ಓದಬೇಕು. ತಪ್ಪುಗಳು ಆಗುವುದೂ ಇಲ್ಲೇ: ಅವಸರದಲ್ಲಿ ಕಾಗದ ಬೇಗ ತೆಗೆದರೆ ಮೌಲ್ಯ ಕಡಿಮೆ ಬರುತ್ತದೆ, ಮುಚ್ಚಳ ಸಡಿಲವಿದ್ದರೆ ಅನಿಲ ಸೋರುತ್ತದೆ, ಮಬ್ಬು ಬೆಳಕಿನಲ್ಲಿ ಹಳದಿಯ ಛಾಯೆ ತಪ್ಪುತ್ತದೆ. ಕಿಟ್ಟು ಏನೂ ಪ್ರಯೋಜನವಿಲ್ಲ ಎಂದು ಕೆಲವು ವಿಜ್ಞಾನಿಗಳು ಟೀಕಿಸಿದರು. ಅರೈಹಜಾರ್‌ನಲ್ಲಿ ಕಿಟ್ಟಿನ ಫಲಿತಾಂಶವನ್ನು ಪ್ರಯೋಗಾಲಯದ ಜೊತೆ ತಾಳೆ ನೋಡಿದಾಗ ಶೇ. 88ರಷ್ಟು ಬಾವಿಗಳಿಗೆ ಕೊಟ್ಟ ಬಣ್ಣ ಸರಿಯಿತ್ತು. ಎಡವಿದ್ದು ಮುಖ್ಯವಾಗಿ 50ರ ಆಸುಪಾಸಿನ ಬಾವಿಗಳಲ್ಲಿ. ಲೀಟರಿಗೆ 300 ಇರುವ ಬಾವಿಯನ್ನು ಹಿಡಿಯಲು ಇದು ಧಾರಾಳ ಸಾಕು.

ಪಕ್ಕದ ಮನೆಯ ಬಾವಿ ಹಸಿರಾಗಿದ್ದರೆ ಅಲ್ಲಿಂದ ನೀರು ತರುವುದೇ ಅತಿ ಅಗ್ಗದ ಪರಿಹಾರ. ಅರೈಹಜಾರ್‌ನ 25 ಚದರ ಕಿಲೋಮೀಟರಿನಲ್ಲಿ ಸುಮಾರು 6,000 ಬಾವಿ ನೋಡಿದಾಗ ಹತ್ತಿರ ಹತ್ತಿರ ಅರ್ಧ ಅಪಾಯದವು. ಆದರೂ ಶೇ. 90ರಷ್ಟು ಜನರಿಗೆ ನೂರು ಮೀಟರೊಳಗೆ ಒಂದು ಒಳ್ಳೆಯ ಬಾವಿ ಇತ್ತು. ಫಲಿತಾಂಶವನ್ನು ಮನೆಗೇ ಹೋಗಿ ಹೇಳಿದ ಮೇಲೆ ಅಪಾಯದ ಬಾವಿಯವರಲ್ಲಿ ಶೇ. 60ರಷ್ಟು ಮಂದಿ ಒಂದು ವರ್ಷದೊಳಗೆ ಬಾವಿ ಬದಲಿಸಿದರು. ಉಳಿದವರು ಯಾಕೆ ಬದಲಿಸಲಿಲ್ಲ? ದೂರ ಒಂದು ಕಾರಣ. ಒಳ್ಳೆಯ ಬಾವಿ ಇನ್ನೊಬ್ಬರ ಒಳಂಗಳದಲ್ಲಿದ್ದರೆ ಸೊಸೆಯಂದಿರು ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗುವುದನ್ನು ಮನೆಯವರು ಒಪ್ಪದಿರುವುದು ಇನ್ನೊಂದು.

ಹೀಗಿದ್ದೂ ದೇಶವ್ಯಾಪಿ ಪರೀಕ್ಷೆ 2003ಕ್ಕೆ ನಿಂತಿತು. ಬಣ್ಣ ಎರಡು-ಮೂರು ಮಳೆಗಾಲಕ್ಕೆ ಮಾಸಿತು. ಜನ ಹೊಸ ಬಾವಿ ತೋಡಿಸುತ್ತಲೇ ಇದ್ದರು. ಅವುಗಳಿಗೆ ಬಣ್ಣವೇ ಇಲ್ಲ. ಕಿಟ್ಟಿನ ಖರ್ಚು ಬಾವಿಗೆ ಕೆಲವೇ ನೂರು ರೂಪಾಯಿಯೊಳಗಿನದು, ಆದರೆ ಅದು ಪ್ರತಿ ಕೆಲವು ವರ್ಷಕ್ಕೊಮ್ಮೆ ಬರುವ ಖರ್ಚು. ನೆರವಿನ ಯೋಜನೆಗೆ ಐದಾರು ವರ್ಷದ ಗಡುವಿರುತ್ತದೆ, ಕೊನೆಯಲ್ಲಿ ಎಣಿಸಿ ತೋರಿಸುವ ಏನಾದರೂ ಬೇಕಿರುತ್ತದೆ. ಪರೀಕ್ಷೆಯ ನಂತರ ಎಣಿಸಿ ತೋರಿಸಲು ಉಳಿಯುವುದು ಬಣ್ಣದ ಗುರುತು ಮಾತ್ರ. ಹಾಗಿದ್ದರೆ ಜನರೇ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಲಿ ಎಂಬ ವಾದವನ್ನು ಅದೇ ಸಮಸ್ಯೆಯಿರುವ ಬಿಹಾರದಲ್ಲಿ ಪ್ರಯೋಗ ಮಾಡಿಯೇ ನೋಡಿದರು. ಶುಲ್ಕ 10 ರೂಪಾಯಿ ಇದ್ದಾಗ ಶೇ. 69ರಷ್ಟು ಮನೆಗಳು ಒಪ್ಪಿದವು, 50 ರೂಪಾಯಿ ಮಾಡಿದಾಗ ಶೇ. 22ಕ್ಕೆ ಇಳಿಯಿತು. ಮಾಹಿತಿ ಪುಕ್ಕಟೆಯಾಗಿಯೇ ಇರಬೇಕು.

ಕೆಲಸಕ್ಕೆ ಬಾರದ ಪರ್ಯಾಯಗಳು

2004ರ ರಾಷ್ಟ್ರೀಯ ನೀತಿ ಅಂತರ್ಜಲಕ್ಕಿಂತ ಮೇಲ್ಮೈ ನೀರಿಗೆ ಒತ್ತುಕೊಟ್ಟಿತು. ಹೊಂಡದ ನೀರನ್ನು ಮರಳಿನಲ್ಲಿ ಸೋಸುವ ಘಟಕಗಳನ್ನು ಕಟ್ಟಿದರು. ಅವುಗಳ ಮೇಲ್ಪದರದ ಮರಳನ್ನು ಆಗಾಗ ಕೆರೆದು ತೊಳೆಯಬೇಕು. ಆ ಪಾಳಿ ಯಾರದೆಂದು ತೀರ್ಮಾನವಾಗದ ಕಡೆ ಘಟಕ ಮುಚ್ಚಿತು. ಮೀನು ಸಾಕಲು ಹೊಂಡಕ್ಕೆ ಗೊಬ್ಬರ ಹಾಕಿದ ಕಡೆ ಸೋಸಿದರೂ ರೋಗಾಣು ಉಳಿಯಿತು. ಮಳೆನೀರಿನ ತೊಟ್ಟಿ ಒಳ್ಳೆಯದೇ, ಆದರೆ ಐದು ಜನರ ಮನೆಗೆ ತಲೆಗೆ 5 ಲೀಟರಿನಂತೆ ಐದು ತಿಂಗಳ ಬೇಸಿಗೆ ದಾಟಲು 3,750 ಲೀಟರಿನ ತೊಟ್ಟಿ ಬೇಕು. ಅಷ್ಟು ದೊಡ್ಡ ತೊಟ್ಟಿ ಬಡವರ ತಗಡಿನ ಮನೆಗೆ ಎಟಕುವುದಲ್ಲ. ಮೂರು ಗಡಿಗೆ ಒಂದರ ಮೇಲೊಂದಿಟ್ಟು ಕಬ್ಬಿಣದ ಚೂರು, ಮರಳು, ಇದ್ದಿಲು ತುಂಬಿದ ‘ಮೂರು ಕೊಲ್ಶಿ’ ಸೋಸುಕ ಆರ್ಸೆನಿಕ್ ಹಿಡಿಯುತ್ತಿತ್ತು. ಆದರೆ ಕಬ್ಬಿಣದ ಚೂರು ಗಟ್ಟಿ ಕಟ್ಟಿ ನೀರು ಇಳಿಯದಂತಾಗುತ್ತಿತ್ತು. ಅದರ ಮುಂದುವರಿದ ರೂಪವಾದ ಸೋನೋ ಸೋಸುಕಕ್ಕೆ 2007ರಲ್ಲಿ ಅಮೆರಿಕದ ಹತ್ತು ಲಕ್ಷ ಡಾಲರಿನ ಗ್ರೇಂಜರ್ ಪ್ರಶಸ್ತಿ ಬಂತು. ಯಂತ್ರ ಒಳ್ಳೆಯದಿದ್ದರೂ ಪ್ರತಿ ಮನೆಯಲ್ಲೂ ದಿನವೂ ನಿರ್ವಹಣೆ ಬೇಕಾದ ಯಾವ ಸೋಸುಕವೂ ಕೋಟಿಗಟ್ಟಲೆ ಜನರ ಪರಿಹಾರವಾಗಲಿಲ್ಲ.

ಬಾವಿ ಬಿಟ್ಟ ಮನೆಗಳ ಮಕ್ಕಳು

ಕೊಳವೆಬಾವಿ ಹಾಕಿದ್ದೇ ತಪ್ಪಾಯಿತು ಎನ್ನುವವರು ಈ ಭಾಗವನ್ನು ಬಿಟ್ಟು ಮಾತಾಡುತ್ತಾರೆ. ಅರ್ಥಶಾಸ್ತ್ರಜ್ಞರಾದ ಎರಿಕಾ ಫೀಲ್ಡ್, ರೇಚಲ್ ಗ್ಲೆನರ್‌ಸ್ಟರ್, ರೇಷ್ಮಾನ್ ಹುಸ್ಸಾಂ ಮತ್ತು ಸಂಗಡಿಗರು ಬಾರಿಸಾಲ್ ಕಡೆಯ ಹಳ್ಳಿಗಳಲ್ಲಿ, ಕೆಂಪು ಬಣ್ಣ ನೋಡಿ ಅಂಗಳದ ಬಾವಿ ಬಿಟ್ಟ ಮನೆಗಳನ್ನು ಬಿಡದ ಮನೆಗಳ ಜೊತೆ ಹೋಲಿಸಿದರು. ಬಿಟ್ಟ ಮನೆಗಳಲ್ಲಿ ಚಿಕ್ಕ ಮಕ್ಕಳ ಸಾವು ಗಣನೀಯವಾಗಿ ಏರಿತ್ತು. ಕೆಲವರು ಮತ್ತೆ ಹೊಂಡಕ್ಕೆ ಹೋಗಿದ್ದರು. ದೂರದ ಆಳದ ಬಾವಿಗೆ ಹೋದವರೂ ದಿನಕ್ಕೊಮ್ಮೆ ತಂದ ನೀರನ್ನು ಗಡಿಗೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಲೋಟ ಮುಳುಗಿಸುವ ಕೈಗಳಿಂದ ಅದು ಮಲಿನವಾಗುತ್ತಿತ್ತು. ಅಂದರೆ ಅಂಗಳದ ಬಾವಿ ಹಸುಗೂಸುಗಳನ್ನು ನಿಜವಾಗಿಯೂ ಉಳಿಸುತ್ತಿತ್ತು, ಅವರ ಅಪ್ಪ-ಅಮ್ಮಂದಿರನ್ನು ನಿಧಾನವಾಗಿ ಕೊಲ್ಲುತ್ತಿತ್ತು. ನೆರವಿನ ಲೆಕ್ಕಪತ್ರದಲ್ಲಿ ಎರಡೂ ಬರೆಯಬೇಕು. ಬಾವಿ ಬದಲಿಸಿ ಎಂದು ಹೇಳುವ ಕಾರ್ಯಕರ್ತೆ ಮುಚ್ಚಳದ ಗಡಿಗೆ, ಹಿಡಿಯಿರುವ ಸೌಟು, ಓಆರ್‌ಎಸ್ ಪೊಟ್ಟಣದ ಮಾತನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಕೆಂಪು ಬಾವಿಯ ನೀರನ್ನು ಸ್ನಾನಕ್ಕೆ, ಬಟ್ಟೆ-ಪಾತ್ರೆಗೆ ಬಳಸಬಹುದು, ಕುಡಿಯಲು ಮತ್ತು ಅಡುಗೆಗೆ ಮಾತ್ರ ಬೇಡ ಎಂದು ಬಿಡಿಸಿ ಹೇಳದಿದ್ದರೆ ಜನ ಪಂಪನ್ನೇ ಕಿತ್ತುಹಾಕುತ್ತಾರೆ.

ಆಳದ ಬಾವಿ ಯಾರ ಅಂಗಳಕ್ಕೆ

ಕೊನೆಗೆ ಉಳಿದ ದಾರಿ 150 ಮೀಟರಿಗಿಂತ ಆಳದ ಬಾವಿ. ಅಂಗಳದ ಬಾವಿಗಿಂತ ಹಲವು ಪಟ್ಟು ಖರ್ಚಾಗುವುದರಿಂದ ಅದು ಸರ್ಕಾರ ಮತ್ತು ನೆರವಿನ ದುಡ್ಡಿನಲ್ಲೇ ಬರಬೇಕು. ರಾಜಕೀಯ ಒಳಬಂದದ್ದು ಇಲ್ಲಿ. ಬಾವಿ ಎಲ್ಲಿ ಬೀಳಬೇಕೆಂಬ ಪಟ್ಟಿ ಸಂಸದರ, ಸ್ಥಳೀಯ ಅಧ್ಯಕ್ಷರ ಶಿಫಾರಸಿನಲ್ಲಿ ತಯಾರಾಗಿ, ಬೆಂಬಲಿಗರ ಬೇಲಿಯೊಳಗೆ ಬಾವಿ ಕೂತಿತು. ಹ್ಯೂಮನ್ ರೈಟ್ಸ್ ವಾಚ್ 2016ರಲ್ಲಿ ಈ ಬಂಧುಬಳಗದ ಹಂಚಿಕೆಯನ್ನು ವಿವರವಾಗಿ ದಾಖಲಿಸಿತು. 2006ರಿಂದ 2012ರವರೆಗಿನ ಸುಮಾರು 1,25,000 ಸರ್ಕಾರಿ ನೀರಿನ ತಾಣಗಳ ದತ್ತಾಂಶ ನೋಡಿದಾಗ ಅವುಗಳಲ್ಲೇ ಶೇ. 5ರಷ್ಟು ಮಿತಿ ಮೀರಿದ್ದವು. ಜಾಗವನ್ನು ಇಡೀ ಸಮುದಾಯ ಸಭೆಯಲ್ಲಿ ಒಮ್ಮತದಿಂದ ಆರಿಸಬೇಕು ಎಂಬ ನಿಯಮ ಹಾಕಿದ ಪ್ರಯೋಗಗಳಲ್ಲಿ ಒಳ್ಳೆಯ ನೀರು ಹೆಚ್ಚು ಮನೆಗಳಿಗೆ ಸಿಕ್ಕಿತು. 2012-13ರ ರಾಷ್ಟ್ರೀಯ ಸಮೀಕ್ಷೆಯ ಹೊತ್ತಿಗೂ ಸುಮಾರು ಎರಡು ಕೋಟಿ ಜನ 50 ಮೀರಿದ ನೀರು ಕುಡಿಯುತ್ತಿದ್ದರು.

ಇದರ ನಡುವೆ ಕೊರೆಯುವ ಮೇಸ್ತ್ರಿಗಳು ತಾವಾಗಿಯೇ ಒಂದು ದಾರಿ ಹಿಡಿದದ್ದು ನೆರವಿನ ಯೋಜನಾಕಾರರು ಗಮನಿಸಬೇಕಾದ ಸಂಗತಿ. ಪೈಪಿನ ಬಾಯಿಂದ ಬೀಳುವ ಮರಳು ಕಪ್ಪು-ಬೂದು ಇದ್ದರೆ ಇನ್ನೂ ಇಳಿಸುವುದು, ಕೆಂಪು-ಕಂದು ಬಂದಲ್ಲಿ ಜಾಲರಿ ನಿಲ್ಲಿಸುವುದು. ಮತ್ಲಬ್ ಉಪಜಿಲ್ಲೆಯಲ್ಲಿ ಸ್ವೀಡನ್ ಮತ್ತು ಬಾಂಗ್ಲಾದೇಶದ ಸಂಶೋಧಕರು ಇದನ್ನು ಪರೀಕ್ಷಿಸಿ, ಕೆಂಪು ಮರಳಿನ ಬಾವಿಗಳಲ್ಲಿ ಆರ್ಸೆನಿಕ್ ಕಡಿಮೆ ಎಂಬುದನ್ನು ಖಚಿತಪಡಿಸಿದರು. ಮೇಸ್ತ್ರಿಗೆ ಬಣ್ಣದ ಪಟ್ಟಿ ಮತ್ತು ಕಿಟ್ಟು ಕೊಟ್ಟರೆ ಸಾಕು, ಜನ ತಮ್ಮದೇ ದುಡ್ಡಿನಲ್ಲಿ ತೋಡಿಸುವ ಬಾವಿಯೂ ಸರಿಯಾದ ಪದರಕ್ಕೆ ಹೋಗುತ್ತದೆ.

ಕರ್ನಾಟಕಕ್ಕೆ ಈ ಪ್ರಕರಣ ಪೂರ್ತಿ ಹೊರಗಿನದಲ್ಲ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ಆರ್ಸೆನಿಕ್‌ನಿಂದ ಬಂದ ಚರ್ಮರೋಗವನ್ನು ದಾಖಲಿಸಿದ್ದು ಅದೇ ದೀಪಂಕರ್ ಚಕ್ರವರ್ತಿಯವರ ತಂಡ. ಇಲ್ಲಿ ಮೂಲ ಬೇರೆ: ಹಳೆಯ ಚಿನ್ನದ ಗಣಿ ಇರುವ ಶಿಲಾಪಟ್ಟಿಯ ಖನಿಜಗಳು. ಹಾಗಾಗಿ ಮರಳಿನ ಬಣ್ಣದ ಸೂತ್ರ ಇಲ್ಲಿ ನಡೆಯದು, ಬಾವಿಯೊಂದೊಂದನ್ನೂ ಪರೀಕ್ಷಿಸುವ ಸೂತ್ರ ಮಾತ್ರ ನಡೆಯುತ್ತದೆ.

ಬಾಂಗ್ಲಾದೇಶದ ಆಳದ ಬಾವಿಗಳಿಗೂ ಅದೇ ಅನ್ವಯ. ಪಿವಿಸಿ ಪೈಪಿನ ಜೋಡಣೆ ಬಿರುಕು ಬಿಟ್ಟರೆ ಮೇಲಿನ ಪದರದ ನೀರು ಒಳಗಿಳಿಯುತ್ತದೆ. ಆಳಕ್ಕೆ ತೋಡಿದೆವೆಂದು ಹೇಳಿ ಮೇಲೆಯೇ ನಿಲ್ಲಿಸಿದ ಗುತ್ತಿಗೆ ಕೆಲಸವೂ ಇರುತ್ತದೆ. ಢಾಕಾದಂಥ ನಗರ ಆಳದಿಂದ ಭಾರಿ ಪ್ರಮಾಣದಲ್ಲಿ ಎಳೆದಾಗ ಸುತ್ತಲಿನ ಹಳ್ಳಿಗಳಲ್ಲಿ ಮೇಲಿನ ಆರ್ಸೆನಿಕ್ ನೀರು ಕೆಳಗೆ ಜಾರುವ ಅಪಾಯವನ್ನು ಭೂಜಲ ತಜ್ಞರು ತೋರಿಸಿದ್ದಾರೆ. ಆಳದ ನೀರನ್ನು ಕುಡಿಯುವ ಕೈಪಂಪಿಗಷ್ಟೇ ಮೀಸಲಿಟ್ಟು, ಭತ್ತದ ಗದ್ದೆಯ ಯಂತ್ರಗಳಿಗೆ ಬಿಡಬಾರದು. ಹೊಸ ಬಾವಿಯನ್ನು ಹಸ್ತಾಂತರಕ್ಕೆ ಮುಂಚೆ ಒಮ್ಮೆ, ಒಂದು ಮಳೆಗಾಲ ಕಳೆದ ಮೇಲೆ ಒಮ್ಮೆ, ಆಮೇಲೆ ಒಂದೆರಡು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಆ ಖರ್ಚನ್ನು ಯೋಜನೆಯ ಮೊದಲ ಅಂದಾಜುಪಟ್ಟಿಯಲ್ಲೇ, ಯೋಜನೆ ಮುಗಿದ ನಂತರದ ವರ್ಷಗಳಿಗೂ ಸೇರಿಸಿ, ಯಾವ ಕಚೇರಿ ಭರಿಸುತ್ತದೆ ಎಂದು ಹೆಸರು ಹಿಡಿದು ಬರೆಯಬೇಕು.